ಶರೀಫ್ ಸಾಹೇಬರ ಪದಗಳೂ ಈಗಿನ ಗಾಯಕರೂ

ನಮ್ಮಲ್ಲಿ ಹಿಂದೆ ವ್ಯಾಕರಣವನ್ನು ಓದಿ ಈಗ ಇಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರಲ್ಲಿ ಉದ್ಯೋಗಿಯಾಗಿರುವ ಶಿಷ್ಯನೊಬ್ಬನು ತನಗೆ ಮೆಚ್ಚಾದ ಹಾಡುಗಳನ್ನು ಆಗಾಗ ಮೊಬೈಲಿನ ಮೂಲಕ ನಮಗೆ ಕಳುಹಿಸುವ ವಾಡಿಕೆಯನ್ನಿಟ್ಟುಕೊಂಡಿರುವನು. ಒಂದು ದಿನ ಶಿಶುನಾಳ ಶರೀಫ್ ಸಾಹೇಬರ ಪದವು ಗಿಟಾರಿನ ಶ್ರುತಿಯೊಡನೆ ಬರುವುದು. ಮರುದಿನ ಮಾದೇಶ್ವರನ ಪದವೊಂದು ಚಲಚ್ಚಿತ್ರದ ಮೂಲಕ ಬರುವುದು. ಇನ್ನೊಂದು ದಿನ ಕೆನಡಾ ದೇಶದ ಕವಿಗಾಯಕನೊಬ್ಬನ ಹಾಡು ಬರುವುದು. ಹಾಡಿನ ಕೆಳಗೆ ಅವನು ಬರೆಯುವುದು ಒಂದೇ ಮಾತು: "ಹೇಗಿದೆ, ಗುರುಗಳೇ?" ಈ ಪ್ರಶ್ನೆಗೆ ಒಂದೆರಡು ಶಬ್ದಗಳಲ್ಲಿ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ. ಚೆನ್ನಾಗಿದೆ ಎಂದರೆ ಯಾವುದು ಚೆನ್ನಾಗಿದೆ, ಪದವೋ, ಮಟ್ಟೋ, ಕಂಠವೋ ಎಂದು ಬಿಡಿಸಿ ಹೇಳಬೇಕಾಗುವುದು. ಚೆನ್ನಾಗಿಲ್ಲ ಎಂದರೆ ಅದಕ್ಕೂ ಕಾರಣವನ್ನು ತೋರಿಸಬೇಕಾಗುವುದು. ಎರಡು ವರ್ಷಗಳಿಂದ ಬಾಕಿ ನಿಂತಿದ್ದ ಆ ಉತ್ತರವನ್ನೇ ಈ ಲೇಖನರೂಪವಾಗಿ ವಾಚಕಮಹಾಶಯರ ಮುಂದಿಡುತ್ತಿದ್ದೇವೆ.

ಹಾಡು ಒಬ್ಬರಿಂದೊಬ್ಬರಿಗೆ ಸಾಗುವ ಬಗೆಯು ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದು. ಗುರುಮುಖದಿಂದ ಕಲಿತುದು ಒಂದು ಬಗೆ. ಜಾತ್ರೆಯಲ್ಲಿ ಕೇಳಿ ಮನೆಗೆ ತಂದುದು ಇನ್ನೊಂದು ಬಗೆ. ಗ್ರಾಮಫೋನಿನ ತಟ್ಟೆ, ಆಕಾಶವಾಣಿ, ಧ್ವನಿಸುರುಳಿ ಇವುಗಳಿಂದ ಬಂದುದು ಮತ್ತೊಂದು. ಈಗಲಾದರೋ ಬೆಂಗಳೂರಿನ ಹೊರವಲಯದಲ್ಲಿ ಕೆಲಸಕ್ಕೆ ಹೋಗಿಬರುವ ಸಹಸ್ರಾರು ಜನರು ಬಸ್ಸಿನಲ್ಲಿಯೂ ಮೆಟ್ರೋ ಗಾಡಿಯಲ್ಲಿಯೂ ಕಿವಿಗೆ ತಂತಿಯನ್ನೋ ತಂತಿಯಿಲ್ಲದ ಗುಂಡಿಯನ್ನೋ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹಾಡನ್ನು ಕೇಳುವರು. ಮೆಚ್ಚಿದೊಡನೆ ಬೆರಳಿನ ಒಂದು ಸ್ಪರ್ಶದಿಂದ ಅದನ್ನು ಗೆಳೆಯರಿಗೆ ಕಳುಹಿಸಿಬಿಡುವರು. ೨೦೨೫ರ ಆಗಸ್ಟಿನಲ್ಲಿ ಹಳದಿ ಮಾರ್ಗವು ಬೊಮ್ಮಸಂದ್ರದವರೆಗೆ ತೆರೆದ ಮೇಲೆ ನಮ್ಮ ಶಿಷ್ಯನೂ ಹೀಗೆಯೇ ಹೋಗಿಬರುವನು. ಅವನು ಇಳಿಯುವ ಸ್ಥಳವು ೧೯೭೦ರ ದಶಕದ ಕೊನೆಯಲ್ಲಿ ಶ್ರೀ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ೩೩೨ ಎಕರೆಗಳ ಮೇಲೆ ಎಬ್ಬಿಸಿದ್ದು. ಅಗ್ರಹಾರವೆಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ಈಗ ಕೇಳಿಬರುವ ಪಾಠವು ಮಾತ್ರ ಬೇರೆ.

ಹೀಗೆ ಹಾಡು ಕೈಯಿಂದ ಕೈಗೆ ಹೋಗುವಾಗ ಹೋಗಿ ಮುಟ್ಟುವುದು ಯಾವುದು, ನಡುದಾರಿಯಲ್ಲಿ ಬಿದ್ದುಹೋಗುವುದು ಯಾವುದು ಎಂಬುದೇ ನಮ್ಮ ವಿಚಾರದ ವಿಷಯವು. ಪದದ ಪಾಠ, ಕರ್ತೃವಿನ ಹೆಸರು, ಅಂಕಿತ, ಅರ್ಥ ಇವು ನಾಲ್ಕೂ ಇದರಲ್ಲಿ ಪಣಕ್ಕೆ ಬಿದ್ದಿರುವುವಾದುದರಿಂದ ಇದನ್ನು ಕೇವಲ ತರುಣರ ವಿನೋದವೆಂದು ಬಿಟ್ಟುಬಿಡಲಾಗದು.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಹಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ಹಾಡಿನ ವಾಗಂಶವನ್ನು ಮಾತು ಎಂದೂ ಗೇಯಾಂಶವನ್ನು ಧಾತು ಎಂದೂ ಕರೆದು, ಎರಡನ್ನೂ ತಾನೇ ರಚಿಸುವವನನ್ನು ವಾಗ್ಗೇಯಕಾರನೆಂದಿರುವನು. (ಈ ಪಾರಿಭಾಷಿಕ ಶಬ್ದಕ್ಕೂ ನಮ್ಮ ಕನ್ನಡದ ಮಾತಿಗೂ ಇರುವ ಸಾಮ್ಯವನ್ನು ಕಂಡಾಗಲೆಲ್ಲ ದೇಶೀಶಬ್ದವೇ ಶಾಸ್ತ್ರದೊಳಕ್ಕೆ ಹೊಕ್ಕಿತೋ ಎಂಬ ಆಸೆಯು ಹುಟ್ಟುವುದು, ಆದರೆ ಆಸೆಯು ಪ್ರಮಾಣವಲ್ಲ.) ಧಾತುವಿನಲ್ಲಿ ಗಟ್ಟಿಗನಾಗಿ ಮಾತುವಿನಲ್ಲಿ ಮಂದನಾದವನು ಮಧ್ಯಮನು, ಮಾತು ರಮ್ಯವಾಗಿದ್ದರೂ ಧಾತು ಮಂದವಾದರೆ ಅಧಮನು, ಅನ್ಯರ ಧಾತುವಿಗೆ ತಾನು ಮಾತನ್ನು ಹೊಂದಿಸುವವನು ಕುಟ್ಟಿಕಾರನು. ಈ ಕೊನೆಯ ಹೆಸರು ಈಗಿನ ಚಲಚ್ಚಿತ್ರಗೀತೆಗಳ ಕರ್ತೃಗಳಲ್ಲಿ ಬಹುಮಂದಿಗೆ ಹೊಂದುವುದು, ಏಕೆಂದರೆ ಅಲ್ಲಿ ಮಟ್ಟು ಮೊದಲು ಹುಟ್ಟಿ ಪದವು ಆಮೇಲೆ ಹುಟ್ಟುವುದು ಸಾಮಾನ್ಯ. ಇದನ್ನು ನಿಂದೆಯೆಂದು ತಿಳಿಯಬಾರದು.

ಆದರೆ ಇದಕ್ಕೆ ವಿಪರೀತವಾದ ಕೆಲಸವೊಂದುಂಟು. ಅನ್ಯರ ಮಾತಿಗೆ, ಅದೂ ನೂರಾರು ವರ್ಷಗಳ ಹಿಂದಿನವರ ಮಾತಿಗೆ, ತಾನು ಹೊಸದಾಗಿ ಧಾತುವನ್ನು ಕಟ್ಟುವುದು. ಶಾರ್ಙ್ಗದೇವನು ಈ ಸ್ಥಳದಲ್ಲಿ ಇಂಥವನಿಗೆ ಹೆಸರನ್ನೇ ಕೊಟ್ಟಿಲ್ಲ. ಕನ್ನಡದಲ್ಲಿ ಕಳೆದ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಜನರ ನಾಲಗೆಯ ಮೇಲೆ ನಿಂತ ಹಾಡುಗಳಲ್ಲಿ ಹೆಚ್ಚಿನವು ಈ ಹೆಸರಿಲ್ಲದವರ ಕೃತಿಗಳೇ ಆಗಿರುವುವು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಗಳು, ಸಿ. ಅಶ್ವತ್ಥರು ಈ ಪಂಕ್ತಿಯವರು. ನಾವು ರಾಗಸಂಯೋಜಕರೆಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಇವರ ಹೊಣೆಯಾದರೋ ವಾಗ್ಗೇಯಕಾರನ ಹೊಣೆಗಿಂತ ಭಾರವಾದುದು. ಏಕೆಂದರೆ ತನ್ನ ಮಾತನ್ನು ತಾನು ಕೆಡಿಸಿಕೊಂಡರೆ ಕೇಳುವವರಿಲ್ಲ, ಇನ್ನೊಬ್ಬರ ಮಾತನ್ನು ಕೆಡಿಸಿದರೆ ಉತ್ತರ ಹೇಳಬೇಕು.

ಶ್ರೀ ಅಶ್ವತ್ಥರನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅವರು ೧೯೩೯ರ ಡಿಸೆಂಬರ್ ೨೯ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿ, ೨೦೦೯ರಲ್ಲಿ ಅದೇ ತೇದಿಯಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಆಸ್ಥಾನದಲ್ಲಾಗಲಿ ಸಂಗೀತಶಾಲೆಯಲ್ಲಾಗಲಿ ಅನ್ನ ಗಳಿಸಿದವರಲ್ಲ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯಲ್ಲಿ ೨೭ ವರ್ಷ ಕೆಲಸ ಮಾಡಿ ೧೯೯೨ರಲ್ಲಿ ನಿವೃತ್ತರಾದವರು. ವೈಟ್‌ಫೀಲ್ಡಿನ ಕಡೆಗೆ ಹೋಗುವವರು ಇಂದು ದಾಟಿಹೋಗುವ ನೆಲವದು. ದೂರವಾಣಿಯ ಯಂತ್ರಗಳನ್ನು ಮಾಡುವ ಕಡೆಯಲ್ಲಿ ದಿನಗೂಲಿಯ ಗಂಟೆಗಳನ್ನು ಕಳೆದು, ಸಂಜೆ ನಾಟಕಗಳಿಗೂ ಕವಿತೆಗಳಿಗೂ ಮಟ್ಟು ಹಾಕಿದ ಗೃಹಸ್ಥನ ಹಾಡು ಈಗ ದೂರವಾಣಿಯ ಮೂಲಕವೇ ಊರೂರಿಗೆ ಹರಡುತ್ತಿರುವುದು ವಿನೋದವಾಗಿದೆ. ದಿನಗೂಲಿಯೆಂದೆವು, ಸಂಬಳವೆನ್ನಬೇಕು. ಬೆಂಗಳೂರಿನ ಸುತ್ತಣ ದೊಡ್ಡ ಕಾರ್ಖಾನೆಗಳ ಕನ್ನಡ ಸಂಘಗಳೂ ಅವುಗಳ ರಾಜ್ಯೋತ್ಸವಗಳೂ ಇಲ್ಲದೆ ಹೋಗಿದ್ದರೆ ಭಾವಗೀತೆಯು ಬಸವನಗುಡಿ, ಮಲ್ಲೇಶ್ವರಗಳ ಹೊರಕ್ಕೆ ಇಷ್ಟು ಬೇಗನೆ ಬರುತ್ತಿತ್ತೆಂದು ನಮಗೆ ತೋರುವುದಿಲ್ಲ.

೧೯೯೦ರಲ್ಲಿ ತೆರೆಕಂಡ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅಶ್ವತ್ಥರದೇ ಸಂಗೀತ. ಹಳೆಯ ಮೈಸೂರಿನ ಸೀಮೆಯಲ್ಲಿ ಶರೀಫ್ ಸಾಹೇಬರನ್ನು (೧೮೧೯–೧೮೮೯) ಮನೆಮಾತಾಗಿಸಿದವರಲ್ಲಿ ಅಶ್ವತ್ಥರೇ ಮುಖ್ಯರೆಂದರೆ ಅತಿಶಯೋಕ್ತಿಯಾಗದು. ಅದಕ್ಕೆ ಮುಂಚೆ ಶಿಗ್ಗಾವಿ, ಹುಬ್ಬಳ್ಳಿ, ಧಾರವಾಡಗಳ ಭಜನಾಮೇಳಗಳಲ್ಲಿ ಜೀವಂತವಾಗಿದ್ದ ಆ ಪದಗಳು ತುಂಗಭದ್ರೆಯ ಈಚೆಗೆ ವಿರಳವಾಗಿಯೇ ಕೇಳಿಬರುತ್ತಿದ್ದುವು.

ಗಾಯಕರಲ್ಲಿ ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಶಾರ್ಙ್ಗದೇವನು ಐದು ಬಗೆಗಳನ್ನು ಹೇಳಿರುವನು. ಅಶ್ವತ್ಥರು ರಸಿಕರ ಗುಂಪಿಗೆ ಸೇರತಕ್ಕವರು. ತಾವು ಹಾಡುವ ಪದದಲ್ಲಿ ತಾವೇ ಮುಳುಗಿಹೋಗುವರು. ರಂಗಭೂಮಿಯ ಅಭ್ಯಾಸದಿಂದ ಬಂದ ತೆರೆದ ಕಂಠ, ಮೇಲಿನ ಸ್ಥಾಯಿಯಲ್ಲಿ ನಿಲ್ಲುವ ಧೈರ್ಯ, ಪದದ ನಾಟಕಾಂಶವನ್ನು ಹುಡುಕಿ ಹಿಡಿಯುವ ಕಣ್ಣು ಇವು ಅವರ ಗುಣಗಳು. ದೋಷವೂ ಇಲ್ಲದಿಲ್ಲ. ಭಾವವು ಉಕ್ಕಿದ ಕಡೆಯಲ್ಲಿ ಸ್ವರವು ದೀರ್ಘವಾಗಿ, ಹ್ರಸ್ವದೀರ್ಘಗಳ ಭೇದವು ಅಳಿದು, ಅಕ್ಷರವು ನಾದದೊಳಗೆ ಕರಗಿಹೋಗುವುದುಂಟು. ಗಾಯಕದೋಷಗಳ ಪಟ್ಟಿಯಲ್ಲಿ ಅವ್ಯಕ್ತವೆಂಬುದೂ ಒಂದು. ಶಿವರುದ್ರಪ್ಪನವರ 'ಕಾಣದ ಕಡಲಿಗೆ' ಗೀತೆಯಲ್ಲಿ ಈ ದೈರ್ಘ್ಯವೇ ಹಂಬಲದ ಅರ್ಥವನ್ನು ಹಿಗ್ಗಿಸುವುದಾದುದರಿಂದ ಅಲ್ಲಿ ದೋಷವೇ ಗುಣವಾಗಿರುವುದು. ತತ್ತ್ವಪದದಲ್ಲಿ ಹಾಗಲ್ಲ. ಅಲ್ಲಿ ಒಗಟೇ ಅರ್ಥ. ಒಗಟಿನ ಒಂದಕ್ಷರವು ಕೇಳದೆ ಹೋದರೂ ಬಿಡಿಸುವುದು ಹೇಗೆ?

ಈಗ ಶಿಷ್ಯನು ಕಳುಹಿಸಿದ ಹೊಸ ಗಾಯನಗಳಿಗೆ ಬರೋಣ. ಶ್ರೀ ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತು, ಆಮೇಲೆ ಗಿಟಾರನ್ನು ಹಿಡಿದವರು. ೨೦೦೮ರಲ್ಲಿ ಹೊರಬಂದ ಅವರ ಮೊದಲ ಸಂಪುಟದಲ್ಲಿ ಹಿಂದೀ ಹಾಡುಗಳ ನಡುವೆ ಶರೀಫ್ ಸಾಹೇಬರ ಗುಡುಗುಡಿಯ ಪದವೂ ಇದ್ದಿತು; ಸಾಹೇಬರ 'ಲೋಕದ ಕಾಳಜಿ'ಯನ್ನೂ ಅವರು ಹಾಡಿರುವರು. ೨೦೧೦ರಲ್ಲಿ ಬಿ.ಬಿ.ಸಿ.ಯ ಸುಪ್ರಸಿದ್ಧ ಸಂಗೀತ ಕಾರ್ಯಕ್ರಮವೊಂದರಲ್ಲಿ ಅವರು ಹಾಡಿದ ಮೇಲೆ ಅವರ ಕೀರ್ತಿಯು ದೇಶಾಂತರಕ್ಕೆ ಹರಡಿತು. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಸುತ್ತ ಪಿಟೀಲು, ಗಿಟಾರು, ಡ್ರಮ್ಮುಗಳ ಮೇಳ. ಇದನ್ನು ಕಂಡು ಮುಖ ತಿರುಗಿಸುವ ನಮ್ಮ ಸಹಪಾಠಿಗಳಿಗೆ ಒಂದು ಮಾತನ್ನು ನೆನಪಿಸುವೆವು. ಉತ್ತಮವೃಂದಕ್ಕೆ ನಾಲ್ವರು ಮುಖ್ಯಗಾಯಕರು, ಎಂಟು ಮಂದಿ ಸಮಗಾಯಕರು, ಹನ್ನೆರಡು ಗಾಯಿಕೆಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಬೇಕೆಂದು ಶಾರ್ಙ್ಗದೇವನೇ ಲೆಕ್ಕ ಕೊಟ್ಟಿರುವನು. ಮೇಳವೂ ಸದ್ದೂ ನಮಗೆ ಹೊಸವಲ್ಲ. ಒಬ್ಬನೇ ಕುಳಿತು ಹಾಡುವುದೊಂದೇ ಶಾಸ್ತ್ರೀಯವೆಂಬ ಭಾವನೆಯೇ ಈಚಿನದು.

'ಲೋಕದ ಕಾಳಜಿ'ಯು ಮೊದಲಿಂದ ಕೊನೆಯವರೆಗೆ ಕಾಕುವಿನಲ್ಲಿ ನಿಂತ ಪದ. ಲೋಕದ ಚಿಂತೆಯನ್ನೆಲ್ಲ ತಾನೇ ಹೊತ್ತಿದ್ದೇನೆಂದು ಬೀಗುವವನಿಗೆ, ಹೊರು, ಯಾರು ಬೇಡವೆಂದರು ಎಂದು ಕವಿಯು ಅನುಮತಿಯಿತ್ತಂತೆ ನುಡಿದು ನಗುವನು. ವಾಚ್ಯಾರ್ಥದಲ್ಲಿ ಅನುಜ್ಞೆ, ವ್ಯಂಗ್ಯಾರ್ಥದಲ್ಲಿ ನಿಷೇಧ. ಕಾಕುವೆಂದರೆ ಧ್ವನಿಯ ವಿಕಾರವೇ ಆದುದರಿಂದ, ಓದಿದರೆ ಕೈತಪ್ಪಿಹೋಗುವ ಈ ಅರ್ಥವನ್ನು ಹಾಡುವವನು ಕಂಠದಿಂದಲೇ ಹೊರಡಿಸಬೇಕು. ಭಕ್ತಿಯ ಮುಖವನ್ನು ಮಾಡಿಕೊಂಡು ವಿಲಂಬದಲ್ಲಿ ಹಾಡುವವರು ಈ ಪದವನ್ನು ಉಪದೇಶವಾಗಿಸಿ ಕೊಲ್ಲುವರು. ದೀಕ್ಷಿತರ ದ್ರುತಗತಿಯೂ ಕುಣಿತವೂ ಅಟ್ಟಹಾಸದ ಕಂಠವೂ ಆ ನಗೆಯನ್ನು ಹಿಡಿದಿರುವುವು. ಶರೀಫ್ ಸಾಹೇಬರ ಮನೋಧರ್ಮಕ್ಕೆ ಈ ಗಾಯನವು ಬಹು ಹತ್ತಿರದಲ್ಲಿದೆಯೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಇದನ್ನು ಮೂರನೆಯ ಸಲ ಕೇಳಿದ ಮೇಲೆ ನಾವು ಈ ನಿರ್ಣಯಕ್ಕೆ ಬಂದುದು. ಮೊದಲ ಸಲ ಕೇಳಿದಾಗ ಅರ್ಧಕ್ಕೇ ನಿಲ್ಲಿಸಿದ್ದೆವು.

ಗುಡುಗುಡಿಯ ಪದದ ವಿಷಯವು ಇಷ್ಟು ಸುಲಭವಲ್ಲ. ಇದು ರೂಪಕ. ಮನಸ್ಸು ಸಂಚಿ, ಮೋಹವು ಅದರೊಳಗಿನ ಭಂಗಿ, ಅದನ್ನು ಕೊಚ್ಚಿ ಬೆಂಕಿಗೊಡ್ಡುವುದು ಸಾಧನೆ. ಪಲ್ಲವಿಯಲ್ಲಿ ಮಾತ್ರ ಗುಡುಗುಡಿಯನ್ನು ಸೇದಿ ನೋಡೆಂಬ ಕರೆ ಇರುವುದು; ಯಾವ ಗುಡುಗುಡಿ, ಯಾವ ಭಂಗಿ ಎಂಬುದು ಚರಣಗಳಲ್ಲಿರುವುದು. ಪಲ್ಲವಿಯೊಂದನ್ನೇ ಕಿತ್ತು ಹಂಚಿದರೆ ಕೇಳುವವನಿಗೆ ಧೂಮಪಾನದ ವಿಧಿಯೊಂದೇ ಕೇಳಿಸುವುದು. ನಗರದ ಪಾನಗೃಹಗಳಲ್ಲಿ ಈ ಪಲ್ಲವಿಗೆ ಕೈ ಮೇಲೆತ್ತಿ ಕುಣಿಯುವ ತರುಣರಿರುವರೆಂದು ಶಿಷ್ಯನೇ ಹೇಳಿದನು. ಅವರಲ್ಲಿ ಎಷ್ಟು ಮಂದಿ ಚರಣವನ್ನು ಕೇಳಿರುವರೆಂದು ನಾವು ಪ್ರಶ್ನಿಸಲು, ಅವನು ನಕ್ಕು ಸುಮ್ಮನಾದನು.

ಇದು ಗಾಯಕನ ದೋಷವಲ್ಲ, ಹಂಚಿಕೆಯ ದೋಷ. ಮೀಮಾಂಸಕರು ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಆರು ಲಿಂಗಗಳನ್ನು ಹೇಳಿ, ಅವುಗಳಲ್ಲಿ ಉಪಕ್ರಮೋಪಸಂಹಾರಗಳ ಐಕರೂಪ್ಯವನ್ನು ಮೊದಲಲ್ಲಿಟ್ಟಿರುವರು. ತತ್ತ್ವಪದದಲ್ಲಿ ಪಲ್ಲವಿಯು ಉಪಕ್ರಮ. ಅದೇ ಮತ್ತೆಮತ್ತೆ ಬರುವುದರಿಂದ ಅಭ್ಯಾಸವೂ ಹೌದು. ಅಂಕಿತವುಳ್ಳ ಕೊನೆಯ ಚರಣವು ಉಪಸಂಹಾರ. ಶಿಶುನಾಳಧೀಶನ ಹೆಸರು ಬರುವ ಆ ಚರಣದಲ್ಲಿಯೇ ಒಗಟು ಬಿಚ್ಚುವುದು, ಅಥವಾ ಬಿಚ್ಚುವ ಕೀಲಿಕೈಯು ಸಿಕ್ಕುವುದು. ಈಗ ಹರಡುತ್ತಿರುವುದು ಅರ್ಧ ನಿಮಿಷದ ತುಣುಕುಗಳು. ತುಣುಕಿಗೆ ಉಪಕ್ರಮವಿದೆ, ಅಭ್ಯಾಸವಿದೆ; ಉಪಸಂಹಾರವು ಮಾತ್ರ ಎಂದಿಗೂ ಇಲ್ಲ. ವಿಧಿಯನ್ನು ಇಟ್ಟುಕೊಂಡು ಅದರ ಶೇಷವನ್ನು ಎಸೆದಂತೆ ಇದು. ಅಂಕಿತವು ಹೋದರೆ ಕರ್ತೃವೂ ಹೋದನು. ತುಣುಕಿನ ಕೆಳಗೆ ಗಾಯಕನ ಹೆಸರಿರುವುದು, ಚಿತ್ರದ ಹೆಸರಿರುವುದು, ಕಂಪೆನಿಯ ಹೆಸರಿರುವುದು. ಶರೀಫನ ಹೆಸರನ್ನು ನಾವು ಶಿಷ್ಯನು ಕಳುಹಿಸಿದ ಹನ್ನೊಂದು ತುಣುಕುಗಳಲ್ಲಿ ಹುಡುಕಿದೆವು, ಕಂಡುದು ಮೂರರಲ್ಲಿ. ಹಿಂದಿನವರು ಪ್ರತಿಲಿಪಿಕಾರರ ಪ್ರಮಾದದಿಂದ ಕರ್ತೃವನ್ನು ರಕ್ಷಿಸುವುದಕ್ಕಾಗಿಯೇ ಹೆಸರನ್ನು ಪದದೊಳಗೆ ನೇಯ್ದರು. ಆ ನೇಯ್ಗೆಯನ್ನೇ ಕತ್ತರಿಸುವ ಯಂತ್ರವು ಹುಟ್ಟುವುದೆಂದು ಅವರಿಗೆ ಹೊಳೆಯಲಿಲ್ಲ.

ಇದು ನಮ್ಮ ನಾಡಿನ ಕಷ್ಟವೊಂದೇ ಅಲ್ಲವೆಂಬುದಕ್ಕೆ ಶಿಷ್ಯನು ಕಳುಹಿಸಿದ ಕೆನಡಾದ ಹಾಡೇ ಸಾಕ್ಷಿ. ಲೆನಾರ್ಡ್ ಕೋಹೆನ್ (೧೯೩೪–೨೦೧೬) ಎಂಬವನು ಮಾಂಟ್ರಿಯಲ್ ನಗರದವನು. ಮೊದಲು ಕವಿಯಾಗಿ ಪುಸ್ತಕಗಳನ್ನು ಪ್ರಕಟಿಸಿ, ೧೯೬೭ರಲ್ಲಿ ಹಾಡುಗಳ ಮೊದಲ ತಟ್ಟೆಯನ್ನು ಹೊರತಂದವನು. ಮಾತು, ಧಾತುಗಳೆರಡೂ ಅವನವೇ ಆದುದರಿಂದ ಅವನಿಗೆ ವಾಗ್ಗೇಯಕಾರನೆಂಬ ಹೆಸರು ನಿರ್ವಿವಾದವಾಗಿ ಸಲ್ಲುವುದು. ೧೯೮೪ರ ಅವನ 'ಹಲ್ಲೆಲೂಯಾ' ಎಂಬ ಹಾಡು ಮೊದಲು ಹೆಚ್ಚು ಜನರ ಕಿವಿಗೆ ಬೀಳಲಿಲ್ಲವಂತೆ. ೧೯೯೧ರಲ್ಲಿ ಜಾನ್ ಕೇಲ್ ಎಂಬ ಗಾಯಕನು ಕವಿಯು ಬರೆದಿಟ್ಟಿದ್ದ ಅನೇಕ ಚರಣಗಳಲ್ಲಿ ತನಗೆ ಬೇಕಾದುವನ್ನು ಆಯ್ದು ಹಾಡಿದನು. ೧೯೯೪ರಲ್ಲಿ ಜೆಫ್ ಬಕ್ಲಿಯು ಅದನ್ನನುಸರಿಸಿ ಹಾಡಿದನು. ಲೋಕವೆಲ್ಲ ಮೆಚ್ಚಿ ಹಂಚಿಕೊಂಡುದು ಈ ಆಯ್ಕೆಯ ಪಾಠವನ್ನೇ. ಅದನ್ನು ಬಕ್ಲಿಯ ಹಾಡೆಂದೇ ತಿಳಿದವರು ಬಹಳ ಮಂದಿ. ಆಂಗ್ಲಭಾಷೆಯಲ್ಲಿ ನಮಗೆ ಪ್ರವೇಶವು ಅಲ್ಪವಾದುದರಿಂದ ಶಿಷ್ಯನೇ ಅರ್ಥವನ್ನು ಹೇಳಿದನು. ಬೈಬಲಿನ ರಾಜನೊಬ್ಬನ ಕಥೆಯನ್ನು ಲೌಕಿಕ ಪ್ರೇಮದ ಸೋಲಿನೊಡನೆ ಬೆಸೆದ ಆ ಪದವು ಸ್ತೋತ್ರವೋ ಶೋಕವೋ ಎಂಬುದು ಯಾವ ಚರಣಗಳನ್ನು ಹಾಡಿದರೆಂಬುದರ ಮೇಲೆ ನಿಂತಿರುವುದು ನಮ್ಮ ಗುಡುಗುಡಿಗೆ ಎಷ್ಟು ಹತ್ತಿರವಾಗಿದೆ! ಒಂದು ಭೇದವುಂಟು. ಕೋಹೆನನು ಬದುಕಿದ್ದು ತನ್ನ ಚರಣಗಳನ್ನು ತಾನೇ ಹಾಡಿ ತೋರಿಸಬಲ್ಲವನಾಗಿದ್ದನು. ಶರೀಫ್ ಸಾಹೇಬರಿಗೆ ಆ ಭಾಗ್ಯವಿಲ್ಲ.

ಕೆನಡಾದ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. ಅಮೆರಿಕದಲ್ಲಿ ಹುಟ್ಟಿದ ಜಾನ್ ಹಿಗಿನ್ಸ್ ಎಂಬವರು (ಇವರೂ ಅಶ್ವತ್ಥರಂತೆ ೧೯೩೯ರಲ್ಲಿ ಹುಟ್ಟಿದವರು) ಕರ್ಣಾಟಕ ಸಂಗೀತವನ್ನು ಶ್ರದ್ಧೆಯಿಂದ ಕಲಿತು ಭಾಗವತರೆಂಬ ಬಿರುದನ್ನು ಪಡೆದು, ೧೯೭೧ರಲ್ಲಿ ತಿರುಚ್ಚಿ ಶಂಕರನ್ ಅವರೊಡನೆ ಟೊರಾಂಟೋ ನಗರದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಸಂಗೀತದ ಪಾಠಗಳನ್ನು ಆರಂಭಿಸಿದರು. ೧೯೮೪ರಲ್ಲಿ ಅಕಾಲಮರಣಕ್ಕೀಡಾದರು. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ' ಪದವನ್ನು ಅವರು ಹಾಡಿದುದು ಇಂದಿಗೂ ಕೇಳಸಿಕ್ಕುವುದು. ಸಾವಿರಾರು ಮೈಲಿಗಳಾಚೆ ಹುಟ್ಟಿದ ಆ ನಾಲಗೆಯಲ್ಲಿ ಕನ್ನಡದ ಅಕ್ಷರಗಳು ಎಷ್ಟು ವ್ಯಕ್ತವಾಗಿವೆಯೋ ಅಷ್ಟು ನಮ್ಮ ಮನೆಯ ಮಕ್ಕಳ ಬಾಯಲ್ಲಿ ಇಲ್ಲವೆಂದು ಹೇಳುವಾಗ ನಮಗೆ ಸಂತೋಷವೂ ಇಲ್ಲ, ಉತ್ಪ್ರೇಕ್ಷೆಯೂ ಇಲ್ಲ. ಅನ್ಯರ ಭಾಷೆಯೆಂಬ ಭಯವೇ ಅವರನ್ನು ಅವಧಾನದಲ್ಲಿ ನಿಲ್ಲಿಸಿರಬೇಕು. ಅನವಧಾನವೂ ಗಾಯಕದೋಷವೇ.

ಈ ಲೇಖನವನ್ನು ಇಲ್ಲಿಗೇ ಮುಗಿಸಿ, ತುಣುಕುಗಳನ್ನು ಖಂಡಿಸಿ ಸುಮ್ಮನಾಗಬೇಕೆಂದಿದ್ದೆವು. ಹಾಗೆ ಮಾಡದಂತೆ ತಡೆದುದು ಪೀಣ್ಯದಲ್ಲಿ ನಡೆದ ಒಂದು ಸಂಗತಿ. ಅಲ್ಲಿನ ಕೈಗಾರಿಕಾ ಪ್ರದೇಶದ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಲೇತು ಹಿಡಿಯುವವರು, ಅಚ್ಚು ತೆಗೆಯುವವರು, ಬಣ್ಣ ಹೊಡೆಯುವವರು ಎಷ್ಟೋ ಮಂದಿ ಉತ್ತರ ಕರ್ನಾಟಕದಿಂದ ಬಂದವರು. ಜಾಲಹಳ್ಳಿ ಕ್ರಾಸಿನ ಒಂದು ಚಹದಂಗಡಿಯ ಮುಂದೆ ನಾವು ಮಳೆಗೆ ನಿಂತಿದ್ದಾಗ, ಹಾವೇರಿಯ ಕಡೆಯ ಒಬ್ಬ ಯುವಕನು ಮೊಬೈಲಿನಲ್ಲಿ 'ಕೋಡಗನ ಕೋಳಿ'ಯನ್ನು ಹಾಕಿಕೊಂಡು ತಾನೂ ಗುನುಗುತ್ತಿದ್ದನು. ತುಣುಕು ಮುಗಿಯಿತು. ಯುವಕನು ನಿಲ್ಲಲಿಲ್ಲ, ಯಂತ್ರದಲ್ಲಿಲ್ಲದ ಚರಣಗಳನ್ನು ಒಂದಾದಮೇಲೊಂದಾಗಿ ಹೇಳಿ ಅಂಕಿತದವರೆಗೂ ಹೋದನು. ನಾವು ಬೆರಗಾಗಿ, "ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಲು, "ನಮ್ಮ ಅಜ್ಜ ಭಜನ್ಯಾಗ ಹಾಡ್ತಿದ್ರ್ರೀ ಸರ. ಇದನ್ನ ಕೇಳಿದ್ಮ್ಯಾಲ ನೆನಪಾತು" ಎಂದನು. ತುಣುಕು ಮರೆತುಹೋಗಿದ್ದ ಪೂರ್ಣಪಾಠವನ್ನು ಎಬ್ಬಿಸಿತ್ತು. ಹಂಚಿಕೆಯ ದೋಷವನ್ನು ಮೇಲೆ ಹೇಳಿದ ನಾವೇ ಈ ಗುಣವನ್ನೂ ದಾಖಲೆ ಮಾಡಬೇಕಾದುದು ನ್ಯಾಯವಷ್ಟೆ. ಆದರೆ ಎಬ್ಬಿಸುವುದಕ್ಕೆ ಒಳಗೆ ಮಲಗಿದ್ದುದೊಂದು ಇರಬೇಕು. ವೈಟ್‌ಫೀಲ್ಡಿನ ಬಹುಮಹಡಿಯ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ಭಜನೆಯ ಅಜ್ಜನೆಲ್ಲಿ?

ಆ ಯುವಕನು ನಮ್ಮನ್ನು ತಿದ್ದಿದುದೂ ಉಂಟು. ಪದದ ಹೆಸರನ್ನು ನಾವು ಹೇಳಿದ ರೀತಿಯು ಅವನಿಗೆ ಹಿಡಿಸಲಿಲ್ಲ. ಮೈಸೂರಿನವರಾದ ನಾವು 'ಕೋಡಗನಕೋಳಿ' ಎಂದು ಎರಡು ಶಬ್ದಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದೆವು. ಅವನು 'ಕೋಡಗನ' ಎಂದು ನಿಲ್ಲಿಸಿ, 'ಕೋಳಿ' ಎಂಬುದನ್ನು ಮುಂದಿನ ಕ್ರಿಯಾಪದದೊಡನೆ ಸೇರಿಸಿದನು. ವಿಚಾರ ಮಾಡಿದರೆ ಅವನದೇ ಸರಿ. ಇಲ್ಲಿರುವುದು ಷಷ್ಠಿಯಲ್ಲ, ದ್ವಿತೀಯೆ. ಕೇಶಿರಾಜನು ಹೇಳುವ ದ್ವಿತೀಯಾವಿಭಕ್ತಿಯ 'ಅಂ' ಎಂಬ ಪ್ರತ್ಯಯವು ನಡುಗನ್ನಡದಲ್ಲಿ ಬಿಂದುವನ್ನು ಕಳೆದುಕೊಂಡು 'ಅ' ಎಂದು ಉಳಿಯಿತು. ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಈ ರೂಪವು ಹೇರಳವಾಗಿದೆ. ಕೋಡಗನನ್ನು ಕೋಳಿಯು ನುಂಗಿತೆಂದು ಅನ್ವಯ. ಚಿಕ್ಕದು ದೊಡ್ಡದನ್ನು ನುಂಗುವ ವಿಪರ್ಯಯವೇ ಈ 'ಬೆಡಗಿ'ನ ಜೀವಾಳ. ಷಷ್ಠಿಯಾಗಿ ಓದಿದರೆ ಕೋತಿಗೆ ಸೇರಿದ ಕೋಳಿಯೊಂದು ಹುಟ್ಟಿ, ಅದು ಏನನ್ನು ನುಂಗಿತೆಂಬುದು ತಿಳಿಯದೆ ಪದವೇ ಕುಸಿಯುವುದು. ಆದುದರಿಂದ ಮಟ್ಟು ಕಟ್ಟುವವನು ಯತಿಯನ್ನು ಎಲ್ಲಿಡುವನೆಂಬುದು ಇಲ್ಲಿ ಅಲಂಕಾರದ ಮಾತಲ್ಲ, ವಿಭಕ್ತಿಯ ಮಾತು. ಗಿಟಾರಿನವರೋ ಹಾರ್ಮೋನಿಯಮ್ಮಿನವರೋ, ಯಾರು ಹಾಡಿದರೂ ನಾವು ಈಗ ಮೊದಲು ಆ ಸ್ಥಳವನ್ನೇ ಕಿವಿಗೊಟ್ಟು ಕೇಳುವೆವು. ಹಾಗೆಯೇ 'ಮಾಳಿಗಿ'ಯನ್ನು 'ಮಾಳಿಗೆ'ಯೆಂದು ಶಿಷ್ಟವಾಗಿ ತಿದ್ದಿ ಹಾಡುವವರನ್ನೂ ಕಂಡಿದ್ದೇವೆ. ಧಾರವಾಡದ ನುಡಿಯಲ್ಲಿ ಹುಟ್ಟಿದ ಪದವನ್ನು ಬೆಂಗಳೂರಿನ ನುಡಿಗೆ ತಿರುಗಿಸುವ ಅಧಿಕಾರವನ್ನು ಅವರಿಗೆ ಯಾರಿತ್ತರು?

ಉಳಿದ ಹಾಡುಗಳನ್ನು ಕುರಿತು ಸಂಕ್ಷೇಪವಾಗಿ ಹೇಳುವೆವು. 'ಸೋಜುಗಾದ ಸೂಜುಮಲ್ಲಿಗೆ'ಯು ಮಾದೇಶ್ವರನನ್ನು ಕುರಿತ ಜನಪದ. ಸೋಜುಗವು ಸೋಜಿಗದ ರೂಪಾಂತರ. ಅನನ್ಯಾ ಭಟ್ಟರ ಗಾಯನದಿಂದ ಇದು ಬಹಳವಾಗಿ ಹರಡಿತು. ೨೦೨೧ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಚೈತ್ರಾ ಆಚಾರರು ಹಾಡಿದ ಮೇಲೆ ಇನ್ನೂ ಹರಡಿತು. ಮಂಗಳೂರಿನ ರೌಡಿಗಳ ಕಥೆಯಲ್ಲಿ ಮಾದೇಶ್ವರನ ಪದಕ್ಕೆ ಏನು ಕೆಲಸವೆಂದು ನಾವು ಮೊದಲು ಸಿಡುಕಿದೆವು. ಆದರೆ ರೌದ್ರದ ಪಕ್ಕದಲ್ಲಿ ಭಕ್ತಿಯ ಮೃದುಪದವನ್ನಿಟ್ಟುದರಿಂದ ರೌದ್ರವು ಭಯಾನಕವಾಗಿರುವುದೇ ಹೊರತು ಭಕ್ತಿಯು ಮಲಿನವಾಗಿಲ್ಲ. ಎರಡು ಗಾಯನಗಳಲ್ಲಿ ನಮಗೆ ಮೆಚ್ಚಾದುದು ಚೈತ್ರಾ ಆಚಾರರದು. ಅಲ್ಲಿ ಕಂಠವು ಪದಕ್ಕಿಂತ ಮುಂದೆ ಹೋಗುವುದಿಲ್ಲ. ಕಂಸಾಳೆಯವರ ಬಾಯಲ್ಲಿ ಕೇಳಿದವರಿಗೆ ಎರಡೂ ಸ್ವಲ್ಪ ಸಿಹಿಯೆನಿಸುವುವು.

ಆಲ್ ಓಕೆ, ಚಂದನ್ ಶೆಟ್ಟಿ ಮೊದಲಾದವರ ರ‍್ಯಾಪ್ ಎಂಬ ಬಗೆಯನ್ನೂ ಶಿಷ್ಯನು ಕಳುಹಿಸಿದ್ದನು. ಅದರ ವಸ್ತುವಿನ ಬಗ್ಗೆ ನಮಗೆ ಹೇಳುವುದೇನೂ ಇಲ್ಲ. ರಚನೆಯ ಬಗ್ಗೆ ಒಂದು ಮಾತುಂಟು. ಅದು ಸಂಪೂರ್ಣವಾಗಿ ಅಂತ್ಯಪ್ರಾಸದ ಮೇಲೆ ನಿಂತಿದೆ. ಕವಿರಾಜಮಾರ್ಗದ ಕಾಲದಿಂದ ಕನ್ನಡವು ದ್ವಿತೀಯಾಕ್ಷರಪ್ರಾಸವನ್ನು ತನ್ನ ಸೊತ್ತೆಂದು ಕಾಪಾಡಿಕೊಂಡು ಬಂದಿರುವುದು. ಕೋಡಗನ ಪದದ ಪಲ್ಲವಿಯ ಎರಡು ಭಾಗಗಳಲ್ಲಿಯೂ ಎರಡನೆಯ ಅಕ್ಷರವು ಡಕಾರವೇ. ತಾಳಕ್ಕೆ ಬಡಿದಂತೆ ನುಡಿಯುವ ಈ ಹೊಸ ಬಗೆಗೆ ಸಾಲಿನ ಮೊದಲಲ್ಲಿ ಬಂದು ಬಡಿಯುವ ಪ್ರಾಸವು ಎಷ್ಟು ಒಪ್ಪುವುದೆಂಬುದನ್ನು ಆ ತರುಣರಲ್ಲಿ ಒಬ್ಬರಾದರೂ ಪರೀಕ್ಷಿಸಿ ನೋಡಿದರೆ ನಾವು ಕೇಳಲು ಸಿದ್ಧರಾಗಿರುವೆವು.

ಈ ಬರಹವನ್ನು ಅಚ್ಚಿಗೆ ಕಳುಹಿಸುವ ಮುನ್ನ ಶಿಷ್ಯನಿಗೆ ಓದಿ ಹೇಳಿದೆವು. ಅವನು ಒಂದನ್ನು ಒಪ್ಪಲಿಲ್ಲ: ಪದದ ಹೆಸರಿನ ಕೊನೆಯ 'ನುಂಗಿತ್ತಾ' ಎಂಬುದು ಪ್ರಶ್ನೆಯೆಂದೇ ತಾನು ಇದುವರೆಗೂ ತಿಳಿದಿದ್ದುದಾಗಿಯೂ, ಪ್ರಶ್ನೆಯಾದರೆ ಪದಕ್ಕೆ ಇನ್ನೂ ಸೊಗಸೆಂದೂ ವಾದಿಸಿದನು. ಆ ದೀರ್ಘವು ಮಟ್ಟಿಗಾಗಿ ಬಂದ ಎಳೆತ, ಆ ಸೀಮೆಯ ನುಡಿಯಲ್ಲಿ ಅದು ನಿಶ್ಚಯಾರ್ಥದ ಭೂತಕಾಲವೆಂದು ನಾವು ಹೇಳಿದರೂ ಅವನು ಸಮಾಧಾನಪಡಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಜಾಲಹಳ್ಳಿ ಕ್ರಾಸಿನ ಚಹದಂಗಡಿಗೆ ಹೋಗಿ ಆ ಹಾವೇರಿಯ ಯುವಕನನ್ನೇ ಕೇಳುವುದೆಂದು ಗೊತ್ತಾಗಿದೆ. ಶಿಗ್ಗಾವಿಯ ಸುತ್ತಮುತ್ತಲಿನ ಭಜನಾಮೇಳಗಳಲ್ಲಿ ಈ ಪದವನ್ನು ಕೇಳಿ ಬಲ್ಲ ವಾಚಕರಿದ್ದರೆ, ಅಂಕಿತದ ಚರಣದೊಡನೆ ಪೂರ್ಣಪಾಠವನ್ನು ಬರೆದು ಕಳುಹಿಸಬೇಕಾಗಿ ಪ್ರಾರ್ಥನೆ.